ಜೀಪಿನ ಟಾಪು

ಶಹಾಪುರದ ಆ ಮನೆಯಲ್ಲಿ ಜಗಳಗಳೆಲ್ಲ ರೊಟ್ಟಿ ಬಡಿಯುವ ಹೊತ್ತಿಗೇ ಹುಟ್ಟುತ್ತಿದ್ದವು. ಮನೆಮಂದಿಯೆಲ್ಲ ಒಂದೇ ಕಡೆ ಸಿಗುವ ಹೊತ್ತು ಅದೊಂದೇ ಆಗಿದ್ದರಿಂದ ಬೇರೆ ದಾರಿಯೂ ಇರಲಿಲ್ಲ. ಶ್ರಾವಣ ಮುಗಿಯುತ್ತ ಬಂದ ಒಂದು ಸಂಜೆ ಪೂರ್ಣಿಮಾ ಹಂಚಿನ ಮೇಲೆ ರೊಟ್ಟಿ ಮಗುಚುತ್ತಿದ್ದಾಗ ಅವಳ ಮಗಳು ನೇತ್ರಾ ಒಂದು ದೊಡ್ಡ ಹಾಳೆ ತಂದು, ಊಟಕ್ಕೆ ಕುಳಿತಿದ್ದ ಅಜ್ಜ ಸಿದ್ದಪ್ಪನ ತಾಟಿನ ಪಕ್ಕದಲ್ಲಿ ಹರವಿದಳು. ಹಾಳೆಯ ಮೇಲೆ ಅಜ್ಜನ ಜೀಪು ಇತ್ತು. ಅದು ತನ್ನದೇ ಎಂದು ಗುರುತು ಹಿಡಿಯಲು ಅವನಿಗೆ ತುಸು ಹೊತ್ತು ಬೇಕಾಯಿತು.

“ಬಾಜೂಕ ಇದೇನ ತೂತ ಬಿಟ್ಟೀದಿ?” ಎಂದ.

“ಬಾಗಲಾ, ಅಜ್ಜ. ಇಲ್ಲಿ ತಗಡ ಕೊಯ್ದು ತಳದ ಮಟ ಇಳಸ್ತೇನಿ. ಕೆಳಗ ಒಂದ ಮಡಚೂ ಪಾವಟಿಗಿ. ಅಜ್ಜಿ ಕಾಲ ಭಾಳ ಎತ್ತೂದ ಬ್ಯಾಡ.”

“ಮ್ಯಾಲಿಂದು?”

“ಟಾಪು. ಆ ಹಳೇ ತಾಡಪತ್ರಿ ತಗದು ತಗಡಿಂದ ಕುಂದರಸೂದು. ಬಾಜೂಕ ಕೊಯ್ದಮ್ಯಾಲ ಬಾಡಿ ಸಡ್ಲ ಆಗ್ತದಲ್ಲಾ, ಟಾಪಿನ ಕಂಬ ಅದನ್ನ ಹಿಡೀತಾವ. ಮಳಿಗೂ ಆತು.”

ಸಿದ್ದಪ್ಪ ಹಾಳೆಯ ಮೇಲೆ ಶೇಂಗಾ ಹಿಂಡಿಯ ಬಟ್ಟಲು ಇಟ್ಟ. “ಬಾಗಲಾ ಬೇಕಾದ್ರ ನೋಡೂಣು. ಟಾಪು ಬ್ಯಾಡ.”

“ಬಾಗಲಾನೂ ಬ್ಯಾಡ,” ಎಂದ ಅವನ ಮಗ ಅಮರ, ಮೊಸರು ಬಡಿಸಿಕೊಳ್ಳುತ್ತ. “ಇಂಥಾ ಅಸಲ ಬಾಡಿ ಬೆಳಗಾವ್ಯಾಗ ಹುಡುಕಿದ್ರೂ ಸಿಗೂದಿಲ್ಲ. ಅದಕ್ಕ ಕಟರ್ ಹಚ್ತಾಳಂತ ಈಕಿ.”

“ಅದು ನೋಡಿ ಕೈ ಮುಗಿಯೂ ಗಾಡಿ ಅಲ್ಲ, ಪಪ್ಪಾ. ಅಜ್ಜಿ ಗುಂಜಿಗೆ ಹೋಗಬೇಕು.”

ಅಜ್ಜಿ ಬಾಳವ್ವ ಬಾಗಿಲ ಬಳಿ ಕುರ್ಚಿಯಲ್ಲಿ ಕುಳಿತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ಅವಳು ಮಾತಾಡಲಿಲ್ಲ. ಮಾತೆಲ್ಲ ಅವಳ ಸಲುವಾಗಿಯೇ ನಡೆದಿತ್ತು.

ಬಾಳವ್ವನ ಎರಡೂ ಮೊಣಕಾಲಿಗೆ ಆಪರೇಶನ್ ಆಗಿತ್ತು. ಸಪಾಟು ನೆಲದ ಮೇಲೆ ಚೆನ್ನಾಗಿಯೇ ನಡೆಯುತ್ತಿದ್ದಳು, ಆದರೆ ಸೊಂಟದೆತ್ತರದ ಜೀಪಿಗೆ ಕಾಲೆತ್ತಿ ಹತ್ತುವ ಕಾಲ ಮುಗಿದಿತ್ತು. ಅವಳ ಅಕ್ಕ ಕಾಂತವ್ವ ಇರುವುದು ಗುಂಜಿಯಿಂದ ಒಳಗೆ, ಅಡವಿಗೆ ಹತ್ತಿದ ಒಂದು ಸಣ್ಣ ಊರಿನಲ್ಲಿ. ನಡುವೆ ಒಂದು ಹಳ್ಳ, ಆಚೆ ಕಲ್ಲು ಕೊರಕಲಿನ ದಾರಿ. ಅಮರ ಒಮ್ಮೆ ತಾಯಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟವನು ಹಳ್ಳದಲ್ಲಿ ಕಾರಿನ ಹೊಟ್ಟೆ ಒಡೆದುಕೊಂಡು ವಾಪಸು ಬಂದಿದ್ದ. ಇನ್ನು ಕಾಂತವ್ವನನ್ನೇ ಬೆಳಗಾವಿಗೆ ಕರೆಯೋಣವೆಂದರೆ, ಎಮ್ಮೆ ಹಿಂಡುವವರು ಯಾರು ಎಂದು ಆಕೆ ಎದುರು ಕೇಳುತ್ತಿದ್ದಳು.

ಈ ವರ್ಷ ಕಾಂತವ್ವನ ಕಣ್ಣು ಮಬ್ಬಾಗತೊಡಗಿತ್ತು. ನರ ಒಣಗುತ್ತಿದೆ, ಇದಕ್ಕೆ ಮಾಡುವುದೇನೂ ಇಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅಳುವ ಹೆಂಗಸಲ್ಲ ಆಕೆ. ಫೋನಿನಲ್ಲಿ ತಂಗಿಗೆ ಹೇಳಿದ್ದು ಇಷ್ಟೇ: “ಬರೂದಾದ್ರ ಲಗೂನ ಬಾ, ಬಾಳಾ. ತಡಾ ಮಾಡಿ ಬಂದ್ರ ನನಗ ನಿನ್ನ ದನಿ ಅಷ್ಟ ಸಿಗೂದು. ಅದು ಈ ಫೋನಿನ್ಯಾಗೂ ಸಿಗ್ತದ.”

ಆ ರಾತ್ರಿ ಬಾಳವ್ವ ಉಣ್ಣಲಿಲ್ಲ. ನೇತ್ರಾ ನಕ್ಷೆ ಬಿಡಿಸಲು ಕುಳಿತದ್ದು ಮರುದಿನದಿಂದ. ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಟ್ರ್ಯಾಕ್ಟರ್ ಟ್ರೇಲರುಗಳ ನಕ್ಷೆ ಮಾಡುವುದೇ ಅವಳ ನೌಕರಿ. ಕೈಗೆ ಬಂದ ವಿದ್ಯೆ ಮನೆಯವರಿಗೆ ಉಪಯೋಗವಾಗದಿದ್ದರೆ ಅದೆಂಥದು ಎಂಬುದು ಅವಳ ವಾದ. ಅಜ್ಜಿ ಎಷ್ಟೆತ್ತರ ಕಾಲು ಎತ್ತಬಲ್ಲಳು ಎಂದು ಪೂಜೆಯ ಮಣೆಗಳನ್ನು ಒಂದರ ಮೇಲೊಂದು ಪೇರಿಸಿ ನೋಡಿದ್ದಳು. ಬಸವಣ್ಣನವರ ಫೋಟೋದ ಮುಂದಿನ ಮಣೆಯನ್ನೂ ಬಿಟ್ಟಿರಲಿಲ್ಲ, ಅದಕ್ಕೂ ಪೂರ್ಣಿಮಾಳ ಕೈಲಿ ಬೈಸಿಕೊಂಡಳು.

ಅಮರನಿಗೆ ಜೀಪು ಎಂದರೆ ಬೇರೆಯೇ ಮಾತು. ಭಾನುವಾರ ಬೆಳಿಗ್ಗೆ ಕೋಟೆ ಕೆರೆಯ ಬಳಿ ಹಳೇ ಜೀಪುಗಳ ಮಂಡಳಿ ಸೇರುತ್ತಿತ್ತು. ಚಹಾ ಕುಡಿಯುವುದು, ಬಾನೆಟ್ಟು ತೆರೆಯುವುದು, ಮುಚ್ಚುವುದು, ಮತ್ತೆ ಚಹಾ. ಕಂಪನಿಯವರು ಆ ಹಳೇ ಮಾದರಿಯನ್ನೇ ಹೊಸ ರೂಪದಲ್ಲಿ ತರುತ್ತಾರಂತೆ ಎಂಬ ಸುದ್ದಿ ಹಬ್ಬಿದಾಗಿನಿಂದ ಅಲ್ಲಿ ಬೇರೆ ಮಾತೇ ಇರಲಿಲ್ಲ. ಮೂತಿ ಹಾಗೇ ಇಡುತ್ತಾರೋ ಕೆಡಿಸುತ್ತಾರೋ, ಮುಂದಿನ ಗಾಜು ಮಡಚಲು ಬರುತ್ತದೋ ಇಲ್ಲವೋ, ಮೆತ್ತನೆಯ ಸೀಟು ಹಾಕಿ ಅದನ್ನೂ ಒಂದು ಕಾರು ಮಾಡಿಬಿಟ್ಟರೆ ಏನು ಗತಿ ಎಂದು ದೊಡ್ಡವರೆಲ್ಲ ಮುಖ ಸಣ್ಣ ಮಾಡಿಕೊಂಡು ಕೂರುತ್ತಿದ್ದರು. ಕೆಲವರು ಆಗಲೇ ಬುಕ್ ಮಾಡಲು ತುದಿಗಾಲಿನಲ್ಲಿ ನಿಂತಿದ್ದರು, ಅದೂ ಬೈಯುತ್ತಲೇ.

ಆ ಭಾನುವಾರ ಅಮರ ಮಗಳನ್ನು ಅಲ್ಲಿಗೆ ಕರೆದೊಯ್ದ. ನಾಲ್ಕು ಜನ ತಿಳಿದವರು ಹೇಳಿದರೆ ಕೇಳಿಯಾಳು ಎಂದು ಅವನ ಲೆಕ್ಕ. ಫರಶಿಕಲ್ಲಿನ ವ್ಯಾಪಾರಿ ಓಂಕಾರ ನಕ್ಷೆಯನ್ನು ತಿರುವಿ ತಿರುವಿ ನೋಡಿದ. ಅವನ ಹತ್ತಿರ ಎರಡು ಜೀಪುಗಳಿದ್ದವು, ಎರಡಕ್ಕೂ ಕೆಸರು ಹೇಗಿರುತ್ತದೆಂದು ಗೊತ್ತಿರಲಿಲ್ಲ.

“ಖರೇ ಹೇಳ್ತೇನಿ ತಂಗಿ, ಜೀಪ ಅಂದ್ರ ತಗಡಿನ ಡಬ್ಬಿ ಇದ್ದಂಗ. ಬಾಜೂಕ ಕೊಯ್ದ್ರ ಮುಂದಿನ ಮಳಿಗಾಲಕ್ಕ ನಡಕ ಬಗ್ಗತದ. ಅಂದಾನೂ ಹೋತು, ಗಾಡೀನೂ ಹೋತು.”

“ಅಣ್ಣಾರ, ನಿಮ್ಮ ತಾಯಿಯವರು ನಿಮ್ಮ ಜೀಪನ್ಯಾಗ ಕೂತಾರೇನ್ರಿ?”

“ಅವರ ಯಾಕ ಕೂಡ್ತಾರ? ಅವರು ಕಾರನ್ಯಾಗ ಅಡ್ಡಾಡ್ತಾರ.”

“ನಮ್ಮ ಅಜ್ಜಿ ಹೋಗೂ ಊರಿಗೆ ಕಾರ ಹೋಗೂದಿಲ್ರಿ,” ಎಂದಳು ನೇತ್ರಾ.

ಸುತ್ತ ನಿಂತವರು ನಕ್ಕರು. ಓಂಕಾರನೂ ನಕ್ಕ, ಆದರೆ ಬಗ್ಗುತ್ತದೆ ಎಂಬ ಮಾತನ್ನು ಹಿಂದೆಗೆದುಕೊಳ್ಳಲಿಲ್ಲ. ಅದು ಸುಳ್ಳಲ್ಲವೆಂದು ನೇತ್ರಾಳಿಗೂ ಗೊತ್ತಿತ್ತು. ಅದಕ್ಕೇ ಟಾಪು ಬೇಕು ಎನ್ನುತ್ತಿದ್ದಳು.

ಮನೆಯಲ್ಲಿ ಮಾತ್ರ ಸಿದ್ದಪ್ಪ ಟಾಪಿನ ಹೆಸರೆತ್ತಿದರೆ ಸಿಡುಕುತ್ತಿದ್ದ. ಒಂದು ದಿನ ತಲೆ ಬಡಿಯುತ್ತದೆ ಎಂದ. ನಾಲ್ಕು ಬೆರಳು ಎತ್ತರಿಸುತ್ತೇನೆ ಎಂದಳು ನೇತ್ರಾ. ಇನ್ನೊಂದು ದಿನ ಗಾಳಿ ಆಡುವುದಿಲ್ಲ ಎಂದ. ಕಿಟಕಿ ಇಡುತ್ತೇನೆ ಎಂದಳು. ತುಕ್ಕು ಹಿಡಿಯುತ್ತದೆ ಎಂದ. ಆ ಜೀಪಿನಲ್ಲಿ ತುಕ್ಕು ಹಿಡಿಯದ ಜಾಗ ಯಾವುದಿದೆ ತೋರಿಸಿ ಮಾವಾರ ಎಂದು ಪೂರ್ಣಿಮಾ ಒಳಗಿನಿಂದಲೇ ಕೇಳಿದಳು. ಅಂಗಳವನ್ನೆಲ್ಲ ಆ ಜೀಪು ತಿಂದುಹಾಕಿದ್ದರಿಂದ ಅವಳು ಶಂಡಿಗೆಯನ್ನು ಅದರ ಬಾನೆಟ್ಟಿನ ಮೇಲೆಯೇ ಒಣಹಾಕುತ್ತಿದ್ದಳು. ಅವಳ ಸಿಟ್ಟಿಗೂ ಅರ್ಥವಿತ್ತು.

“ಒಂದ ಖರೇ ಕಾರಣ ಹೇಳ್ರಿ ಅಜ್ಜ, ನಾ ಬಿಟ್ಟಬಿಡ್ತೇನಿ.”

“ಬ್ಯಾಡ ಅಂದ್ರ ಬ್ಯಾಡ. ಎಲ್ಲಾದಕ್ಕೂ ಕಾರಣ ಇರ್ತಾವೇನು?”

ಗಣಪತಿ ಹಬ್ಬದ ಮರುದಿನ ಬಾಳವ್ವ ಅಕ್ಕನಿಗೆಂದು ಒಂದು ಚೀಲ ಕಟ್ಟಿದಳು. ಒಂದು ಇಳಕಲ್ಲ ಸೀರೆ, ಕರದಂಟು, ಹೊಸ ಕವದಿ. ಸಂಜೆ ಅವಳೇ ಅದನ್ನು ಬಿಚ್ಚಿ ಕಪಾಟಿನಲ್ಲಿಟ್ಟಳು. ಸಿದ್ದಪ್ಪ ಅದನ್ನು ಕಟ್ಟೆಯ ಮೇಲಿಂದ ನೋಡಿದ. ರಾತ್ರಿ ಊಟಕ್ಕೆ ಕುಳಿತಾಗ, “ಮಾಡ್ಕೋರಿ ಏನರ,” ಎಂದು ಕೀಲಿಕೈಯನ್ನು ನೇತ್ರಾಳ ತಾಟಿನ ಬಳಿ ಸರಿಸಿ, ಎರಡನೇ ರೊಟ್ಟಿ ಬೇಡವೆಂದು ಎದ್ದುಬಿಟ್ಟ. ಅಮರ ಏನೋ ಹೇಳಲು ಬಾಯಿ ತೆರೆದವನು ಹೆಂಡತಿಯ ಮುಖ ನೋಡಿ ಮುಚ್ಚಿಕೊಂಡ.

ಜೀಪು ಖಾನಾಪುರದ ಇಶ್ತಿಯಾಕನ ಗ್ಯಾರೇಜಿಗೆ ಹೋಯಿತು. ಅಡವಿ ಊರುಗಳ ಗಾಡಿಗಳ ಬಾಡಿ ಕೆಲಸವೆಲ್ಲ ಅವನದೇ. ನೇತ್ರಾ ರಜೆ ಸಿಕ್ಕಾಗಲೆಲ್ಲ ಬೆಳಗಿನ ಬಸ್ಸಿಗೆ ಹೋಗಿ ಅವನ ಜೊತೆ ನಿಲ್ಲುತ್ತಿದ್ದಳು. ಪೂರ್ಣಿಮಾ ಇಬ್ಬರಿಗೂ ಸಾಲುವಷ್ಟು ರೊಟ್ಟಿ, ಜುಣಕ ಕಟ್ಟಿ ಕೊಡುತ್ತಿದ್ದಳು. ಬದಿಯ ತಗಡು ಕೊಯ್ದದ್ದಾಯಿತು, ಪಾವಟಿಗೆ ಕೂತಿತು. ನಾಲ್ಕು ಕಂಬ ನಿಲ್ಲಿಸಿ ಟಾಪಿನ ತಗಡನ್ನು ಸುತ್ತಲೂ ವೆಲ್ಡ್ ಮಾಡಿದರು.

“ಗಟ್ಟಿ ಆತ್ರಿ ಮೇಡಂ,” ಎಂದ ಇಶ್ತಿಯಾಕ, ಮುಖದ ಮೇಲಿನ ವೆಲ್ಡಿಂಗ್ ಮುಖವಾಡ ಎತ್ತಿ. “ಇನ್ನ ಇದನ್ನ ಯಾರೂ ಕೀಳಾಕ ಆಗೂದಿಲ್ಲ.”

ಆ ವಾರವೇ ನಂದಗಡದಿಂದ ಫೋನು ಬಂತು. ಗುರುಪುತ್ರಪ್ಪ ತೀರಿಕೊಂಡಿದ್ದ. ಒಂದು ಕಾಲಕ್ಕೆ ಸಿದ್ದಪ್ಪ ಖಾನಾಪುರ, ನಂದಗಡ, ಗುಂಜಿ ಎಂದು ಈ ಜೀಪಿನಲ್ಲಿ ಮಂದಿಯನ್ನು ತುಂಬಿಕೊಂಡು ಓಡಾಡುತ್ತಿದ್ದಾಗ ಹಿಂದೆ ಜೋತುಬಿದ್ದು ಊರ ಹೆಸರು ಕೂಗುತ್ತಿದ್ದ ಗೆಳೆಯ ಅವನು. ಫೋನು ಮಾಡಿದವನು ಗುರುಪುತ್ರಪ್ಪನ ಮಗ. “ಕಾಕಾ, ಜೀಪ ತಗೊಂಡ ಬರ್ರಿ,” ಎಂದಷ್ಟೇ ಹೇಳಿ ಇಟ್ಟುಬಿಟ್ಟ. ಹೆಚ್ಚಿಗೆ ಹೇಳುವ ರೂಢಿ ಇರಲಿಲ್ಲ.

ನೇತ್ರಾ ಅಪ್ಪನ ಕಾರಿನಲ್ಲಿ ಅಜ್ಜನನ್ನು ಕರೆದುಕೊಂಡು ಹೊರಟಳು. ಖಾನಾಪುರದಲ್ಲಿ ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಲು ಹೇಳಿ ಸಿದ್ದಪ್ಪ ಇಳಿದ. ಜೀಪಿನ ಮುಂದೆ ನಿಂತು ಹೊಸ ಟಾಪನ್ನು ಕೈಯಿಂದ ಒತ್ತಿ ನೋಡಿದ. ಅದು ಅಲುಗಲಿಲ್ಲ.

“ಏನಾತ ಅಜ್ಜ?”

“ಗುರುಪುತ್ರಪ್ಪನ್ನ ಇದರಾಗ ಕುಂದರಸಬೇಕಿತ್ತು,” ಎಂದ.

ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಕುಳ್ಳಿರಿಸಿ, ಹೂವು ಕಟ್ಟಿದ ಮಂಟಪದಂಥ ವಿಮಾನದಲ್ಲಿ, ಊರೆಲ್ಲ ಮುಖ ನೋಡುವಂತೆ ಒಯ್ದು, ಕುಳ್ಳಿರಿಸಿಯೇ ಮಣ್ಣು ಕೊಡುತ್ತೇವೆ. ಹೆಗಲು ಕೊಡುವ ಹುಡುಗರು ಕಡಿಮೆಯಾದ ಮೇಲೆ ಆ ಕಡೆಯ ಊರುಗಳಲ್ಲಿ ವಿಮಾನ ಏರುತ್ತಿದ್ದದ್ದು ಸಿದ್ದಪ್ಪನ ಜೀಪಿನ ಮೇಲೆ. ತಾಡಪತ್ರಿಯನ್ನೂ ಅದರ ಕಮಾನುಗಳನ್ನೂ ಕಳಚಿಬಿಟ್ಟರೆ ವಿಮಾನ ಸರಿಯಾಗಿ ಕೂರುತ್ತಿತ್ತು. ‘ನಂದಗಡಕ್ಕ ಹೋಗಿ ಬರ್ತೇನಿ’ ಎಂದು ಹೋದವನು ಸಂಜೆ ಬಂದು, ಸ್ನಾನ ಮಾಡಿ, ಸುಮ್ಮನೆ ಉಂಡು ಮಲಗುತ್ತಿದ್ದ. ಮಣ್ಣಿಗೆ ಹೋಗಿದ್ದಾರೆ ಎಂದಷ್ಟೇ ಮನೆಯವರು ತಿಳಿಯುತ್ತಿದ್ದರು. ಜೀಪಿನ ಈ ಕೆಲಸವನ್ನು ಅಮರ ಚಿಕ್ಕವನಿದ್ದಾಗ ನೋಡಿದ್ದ, ಈಗೆಲ್ಲ ಟ್ರ್ಯಾಕ್ಟರು ಬಂದಿವೆಯಲ್ಲ ಎಂದು ಮರೆತೂ ಬಿಟ್ಟಿದ್ದ.

“ಕೊಯ್ದ ಬಿಡ್ತೇನ್ರಿ ಅಜ್ಜಾರ, ಅರ್ಧಾ ತಾಸಿನ ಕೆಲಸ,” ಎಂದು ಇಶ್ತಿಯಾಕ ಗ್ರೈಂಡರ್ ಎತ್ತಿಕೊಂಡ.

“ಬ್ಯಾಡ. ಅಂವನ ಸಲುವಾಗಿ ಒಂದ ಹೊಸಾ ವಸ್ತು ಮುರದಂಗ ಆಗಬಾರದು,” ಎಂದು ಸಿದ್ದಪ್ಪ ಕಾರು ಹತ್ತಿದ.

ಗುರುಪುತ್ರಪ್ಪ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹೋದ. ದಾರಿ ಕೆಟ್ಟಿತ್ತು, ಟ್ರೇಲರು ಎತ್ತಿ ಹಾಕುತ್ತಿತ್ತು. ವಿಮಾನ ವಾಲದಂತೆ ಸಿದ್ದಪ್ಪ ರುದ್ರಭೂಮಿಯವರೆಗೂ ಅದನ್ನು ಎರಡೂ ಕೈಯಿಂದ ತಬ್ಬಿ ಹಿಡಿದು ನಿಂತಿದ್ದ. ನೇತ್ರಾ ಕಾರ್ಖಾನೆಯಲ್ಲಿ ನಕ್ಷೆ ಬಿಡಿಸುವಂಥದೇ ಟ್ರೇಲರು ಅದು. ಅವಳು ಹಿಂದೆ ಹೆಂಗಸರ ನಡುವೆ ನಡೆಯುತ್ತ ಕಣ್ಣೀರು ಒರೆಸಿಕೊಂಡಳು. ಅವಳಿಗೆ ತನ್ನ ಮೇಲೆಯೇ ಹೇಸಿಕೆ ಬಂದಿತ್ತು.

ಮನೆಗೆ ಬಂದಮೇಲೆ ಬಾಯಿ ಮೊದಲು ತೆರೆದವಳು ಪೂರ್ಣಿಮಾ. ಮಗಳಿಂದ ಎಲ್ಲ ಕೇಳಿ ತಿಳಿದಿದ್ದರೂ, ಬಿಸಿನೀರು ತೋಡಿಟ್ಟು, ಮಾವ ಸ್ನಾನ ಮಾಡಿ ಬರುವವರೆಗೆ ತಡೆದುಕೊಂಡಿದ್ದಳು.

“ಮಾವಾರ, ಇದನ್ನ ಒಂದ ಮಾತ ಮೊದಲ ಹೇಳಿದ್ರ ಏನ ಆಗ್ತಿತ್ರಿ? ತಲಿ ಬಡೀತದ, ಗಾಳಿ ಬರೂದಿಲ್ಲ, ಇವನ್ನೆಲ್ಲಾ ಹೇಳಿದ್ರಿ.”

“ಹೆಂಗ ಹೇಳಲಿ? ಕಾಂತವ್ವನ್ನ ನೋಡಾಕ ಹೋಗಾಕಂತ ಗಾಡಿ ತಯಾರ ಮಾಡಾಕತ್ತೀರಿ. ಅದರಾಗ ಹೆಣದ ಮಾತ ಎತ್ಲೇನು ನಾನು? ಆಕೀನೂ ಹಣ್ಣ ಮುದಕಿ, ಹೋಗಾಕಿನೂ ಮುದಕಿ.”

“ನನಗೂ ಗೊತ್ತಿತ್ತು,” ಎಂದಳು ಬಾಳವ್ವ.

ಎಲ್ಲರೂ ತಿರುಗಿ ನೋಡಿದರು.

“ನಾನೂ ಅದಕ್ಕ ಬಾಯಿ ಬಿಡ್ಲಿಲ್ಲ. ಅಕ್ಕನ ಹೆಸರಿನ ಕೂಡ ಆ ಮಾತ ನನ್ನ ಬಾಯಿಂದ ಬರಬಾರದು ಅಂತ.”

ಅಮರ ತಲೆ ಚಚ್ಚಿಕೊಂಡ. “ಇಬ್ಬರೂ ಕೂಡಿ ಚೊಲೋ ಮಾಡಿದ್ರಿ. ಈಗ ಏನ ಮಾಡೂಣು? ತಾಡಪತ್ರಿ ವಾಪಸ ಹಾಕಿದ್ರ ಬಾಡಿ ನಿಲ್ಲೂದಿಲ್ಲ, ಅದನ್ನ ಓಂಕಾರ ಹೇಳೇ ಇದ್ದ. ಟಾಪ ಇಟ್ರ ಅಪ್ಪಾ ಗಾಡಿ ಮುಟ್ಟೂದಿಲ್ಲ.”

“ಟಾಪೂ ಇರಬೇಕು, ಬಿಚ್ಚಾಕೂ ಬರಬೇಕು,” ಎಂದಳು ನೇತ್ರಾ. “ಬಿಚ್ಚಿದ ಮ್ಯಾಲೂ ಬಾಡಿ ಗಟ್ಟಿ ನಿಲ್ಲಬೇಕು. ಮಾಡ್ತೇನಿ.”

“ಆಗೂದಿಲ್ಲವಾ.”

“ಪಪ್ಪಾ, ಆಗೂದಿಲ್ಲ ಅನ್ನೂದನ್ನ ಜೀಪಿನ ಕೆಳಗ ಮಲಗಿ ನೋಡಿ ಹೇಳ್ರಿ. ಕೆರಿ ದಂಡಿಮ್ಯಾಲ ಚಹಾ ಕುಡ್ಕೋತ ಅಲ್ಲ.”

ಈ ಮಾತು ಅಮರನಿಗೆ ನಾಟಿತು. ಎರಡು ದಿನ ಮಗಳೊಡನೆ ಮಾತು ಬಿಟ್ಟ. ಮೂರನೆಯ ದಿನ ಭಾನುವಾರ, ಮಂಡಳಿಯ ಅಂಗಿಯನ್ನೇ ತೊಟ್ಟು ಖಾನಾಪುರದ ಬಸ್ಸು ಹತ್ತಿದ. ಸಂಜೆ ಬರುವಾಗ ಆ ಅಂಗಿ ಗ್ರೀಸಿನ ಪಾಲಾಗಿತ್ತು. ಅದನ್ನು ತೊಳೆಯುತ್ತ ಪೂರ್ಣಿಮಾ ಬಹಳ ದಿನಗಳ ಮೇಲೆ ಹಾಡು ಗುನುಗಿದಳು.

ಕೆಲಸ ಸುಲಭವಿರಲಿಲ್ಲ. ಟಾಪಿನ ವೆಲ್ಡಿಂಗ್ ಕಿತ್ತು ಕಂಬಗಳಿಗೆ ಬೋಲ್ಟು ಕೂರಿಸಿದರು. ಬಾಡಿಯ ಬಲ ಮೇಲಿನಿಂದ ಬರುವುದು ಬೇಡವೆಂದು ಜೀಪಿನ ತಳದಲ್ಲಿ ಎರಡೂ ಬದಿಗೆ ದಪ್ಪ ಕಬ್ಬಿಣದ ಪಟ್ಟಿ ಹಾಕಿದರು. ಮೊದಲ ಸಲ ಹಾಕಿದ್ದು ಸಾಲಲಿಲ್ಲ, ಟಾಪು ತೆಗೆದಾಗ ಹೊಸ ಬಾಗಿಲು ಸಿಕ್ಕಿಕೊಂಡಿತು. ಕಿತ್ತು ಮತ್ತೆ ಹಾಕಿದರು. ಟಾಪಿನ ಅಂಚಿನಿಂದ ನೀರು ಸೋರಿತು, ರಬ್ಬರು ಬದಲಿಸಿದರು. ಕೊನೆಗೊಂದು ದಿನ ಇಶ್ತಿಯಾಕ ಓಣಿಯ ದಾಂಡಿಗರನ್ನೆಲ್ಲ ಕರೆದು ಟಾಪಿಲ್ಲದ ಜೀಪಿನೊಳಗೆ ತುಂಬಿ ಹೊಂಡಗಳ ಮೇಲೆ ಓಡಿಸಿ ತಂದ. ಬಾಗಿಲು ಒಂದೇ ಬೆರಳಿಗೆ ತೆರೆಯಿತು, ಒಂದೇ ಬೆರಳಿಗೆ ಮುಚ್ಚಿತು. ನೋಡಲು ಬಂದಿದ್ದ ಓಂಕಾರ ನೆಲಕ್ಕೆ ಕೂತು ತಳವನ್ನು ಬಹಳ ಹೊತ್ತು ನೋಡಿದ. “ಅಂದ ಅಂತೂ ಹೋತು,” ಎಂದ. ಬಗ್ಗುತ್ತದೆ ಎನ್ನಲಿಲ್ಲ.

ಸಿದ್ದಪ್ಪ ಎಲ್ಲವನ್ನೂ ಒಪ್ಪಿದ. ಆದರೆ ಒಂದು ಕಟ್ಟಳೆ ಹಾಕಿದ. “ಸುಮ್ಮಸುಮ್ಮನ ಟಾಪ ಬಿಚ್ಚಾಂಗಿಲ್ಲ. ಅದು ಬಿಚ್ಚೂದು ಆ ಕೆಲಸಕ್ಕಷ್ಟ.”

ಬನ್ನಿ ಹಬ್ಬ ಮುಗಿದು ಮಳೆ ಹಿಂದೆಗೆದ ಮೇಲೆ ಹೊರಟರು. ನೇತ್ರಾ ಓಡಿಸಲು ಕುಳಿತಳು. ಬಾಳವ್ವ ಪಾವಟಿಗೆಯ ಮೇಲೆ ಕಾಲಿಟ್ಟು, ಹಿಡಿಕೆ ಹಿಡಿದು, ಯಾರ ಕೈಯನ್ನೂ ಕೇಳದೆ ಮುಂದಿನ ಸೀಟಿನಲ್ಲಿ ಕುಳಿತಳು. ಕುಳಿತ ಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡು ಸ್ವಲ್ಪ ಹೊತ್ತು ಅತ್ತಳು. ಹಿಂದಿನ ಸೀಟಿನ ಸಿದ್ದಪ್ಪ ಬೇರೆ ಕಡೆ ನೋಡಿದ. ಹಳ್ಳದಲ್ಲಿ ನೀರು ಮೊಣಕಾಲುದ್ದ ಇತ್ತು. ಜೀಪು ದಾಟಿತು.

ಕಾಂತವ್ವ ಕಟ್ಟೆಯ ಮೇಲೆ ಬಿಸಿಲಿಗೆ ಕುಳಿತಿದ್ದಳು. ತಂಗಿಯ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ, ತನ್ನ ಮುಖವನ್ನು ಅಡ್ಡಕ್ಕೆ ಹೊರಳಿಸಿ, ಕಣ್ಣಿನ ಅಂಚಿನಿಂದ ನೋಡಿದಳು.

“ತಲಿ ಪೂರಾ ಬೆಳ್ಳಗ ಆಗೇತಿ. ಹೆರಳ ಯಾರ ಹಾಕ್ಯಾರ, ಸೊಟ್ಟ ಐತಿ.”

“ಕಾಣಸ್ತದೇನ ಅಕ್ಕಾ?”

“ನೀ ಕಾಣಸ್ತಿ. ಸಾಕ.”

ಅಲ್ಲೇ ಅಕ್ಕಿರೊಟ್ಟಿ, ಬೆಣ್ಣೆ ಊಟವಾಯಿತು. ಉಂಡು ಕೈ ತೊಳೆಯುತ್ತಲೇ ಕಾಂತವ್ವ ಎದ್ದು ನಿಂತಳು. “ಇವತ್ತ ನಂದಗಡ ಸಂತಿ. ನಮ್ಮಿಬ್ಬರ ತವರ ಅದು, ನೋಡಿ ಎಷ್ಟ ಕಾಲಾತೋ. ಎಮ್ಮಿ ಹಿಂಡೂ ಹೊತ್ತಿಗೆ ತಂದ ಬಿಡ್ತಿಯೇನ ನೇತ್ರಾ?”

“ಬರ್ರಿ ಅಜ್ಜಿ,” ಎಂದಳು ನೇತ್ರಾ, ಖುಷಿಯಾಗಿ.

ಕಾಂತವ್ವ ಹತ್ತಿ ಬಾಳವ್ವನ ಪಕ್ಕ ಕುಳಿತಳು. ಆಚೆ ಈಚೆ ಮುಖ ತಿರುಗಿಸಿದಳು. ಆಮೇಲೆ ಕೈ ಮೇಲೆತ್ತಿ ಟಾಪನ್ನು ಮುಟ್ಟಿ ನೋಡಿದಳು.

“ಇದರಾಗ ಕತ್ತಲಿ ಐತಿ. ನನಗ ಬಿಸಲ ಬಿದ್ರಷ್ಟ ಕಾಣಸ್ತದ. ಹಿಂಗ ಹೋದ್ರ ನಂದಗಡಕ್ಕ ಹೋದಾಂಗೂ ಇಲ್ಲ, ಬಿಟ್ಟಾಂಗೂ ಇಲ್ಲ. ಇದನ್ನ ಬಿಚ್ಚಾಕ ಬರ್ತದೇನು?”

ನೇತ್ರಾ ಅಜ್ಜನ ಕಡೆ ನೋಡಿದಳು. ಮಳೆ ಗಾಳಿ ಎಲ್ಲ ಯೋಚಿಸಿದ್ದಳು, ಇದನ್ನು ಯೋಚಿಸಿರಲಿಲ್ಲ.

“ಬರೂದಿಲ್ರಿ ಅಕ್ಕಾರ,” ಎಂದ ಸಿದ್ದಪ್ಪ.

“ಬರ್ತದ. ಬೋಲ್ಟು ಕೈಗೆ ಹತ್ತಿದ್ವು. ಯಾಕ ಬ್ಯಾಡ ಅಂತೀರಿ ಅನ್ನೂದೂ ಗೊತ್ತೈತಿ. ನಮ್ಮನಿಯವರನ್ನ ಈ ಜೀಪನ್ಯಾಗ ಕುಂದರಿಸಿಕೊಂಡ ಹೋದವರು ನೀವ ಅಲ್ಲೇನು? ನಾ ಹಿ‌ಂದ ನಡಕೋತ ಬಂದಿದ್ದೆ. ಸತ್ತವರಿಗೆ ಬಿಚ್ಚೂ ಟಾಪು ಜೀವಂತ ಇದ್ದಾಕಿಗೆ ಬಿಚ್ಚಬಾರದೇನ್ರಿ? ನಾ ಹೋದ ದಿನ ನನ್ನ ಕುಂದರಸ್ತೀರಿ ಖರೇ, ನಾ ಏನ ನೋಡ್ಲಿ ಅವಾಗ?”

ಸಿದ್ದಪ್ಪ ಹೆಂಡತಿಯ ಕಡೆ ನೋಡಿದ.

“ಬಿಚ್ಚರಿ,” ಎಂದಳು ಬಾಳವ್ವ.

“ಪಾನಾ ತಾ,” ಎಂದು ಅವನು ಮೊಮ್ಮಗಳ ಕಡೆ ಕೈ ಚಾಚಿದ. ಒಂದು ಬದಿಯ ಬೋಲ್ಟುಗಳನ್ನು ಅವನು ಬಿಚ್ಚಿದ, ಇನ್ನೊಂದು ಬದಿಯವನ್ನು ಅವಳು ಬಿಚ್ಚಿದಳು. ಇಬ್ಬರೂ ಟಾಪನ್ನು ಎತ್ತಿ ಎಮ್ಮೆಯ ಕೊಟ್ಟಿಗೆಯ ಗೋಡೆಗೆ ಒರಗಿಸಿದರು. ಬಿಸಿಲು ಅಕ್ಕತಂಗಿಯರ ಮೇಲೆ ಬಿತ್ತು.

ಖಾನಾಪುರ ದಾಟಿ ನಂದಗಡದ ದಾರಿ ಹಿಡಿಯುವವರೆಗೂ ಕಾಂತವ್ವನ ಬಾಯಿ ನಿಲ್ಲಲಿಲ್ಲ. ಅದು ಹಸಿರು ಕಂಡಿತು, ಅದು ಗುಡಿಯೇನು, ಅದ್ಯಾವ ಹೊಸ ಮನೆ. ಹಿಂದೆ ಕುಳಿತ ಸಿದ್ದಪ್ಪ ಮಾತ್ರ ತಲೆ ತಗ್ಗಿಸಿದ್ದ. ತನ್ನ ಜೀಪು ಬರಿಮೈಯಲ್ಲಿ ಆ ಊರೊಳಗೆ ಬರುವುದು ಯಾವುದಕ್ಕೆಂದು ಅಲ್ಲಿ ಎಲ್ಲರಿಗೂ ಗೊತ್ತು. ಅವನು ಹೆದರಿದಂತೆಯೇ ಆಯಿತು. ಸಂತೆಯ ಬಾಯಿಗೆ ಜೀಪು ಬರುತ್ತಲೇ ಒಬ್ಬೊಬ್ಬರಾಗಿ ಜನ ಸರಿದು ದಾರಿ ಬಿಟ್ಟರು. ಮೆಣಸಿನಕಾಯಿ ಹರವಿಕೊಂಡು ಕುಳಿತಿದ್ದ ರಾಯಪ್ಪ ಚಪ್ಪಲಿ ಬಿಟ್ಟು ಎದ್ದು ನಿಂತು ಕೈ ಮುಗಿದ.

“ಯಾರ ತೀರಿಕೊಂಡ್ರು, ಸಿದ್ದಪ್ಪಣ್ಣ?” ಎಂದು ಮೆಲ್ಲಗೆ ಕೇಳಿದ.

ನೇತ್ರಾ ಜೀಪು ನಿಲ್ಲಿಸಿದಳು. ಕಾಂತವ್ವ ದನಿ ಬಂದ ಕಡೆ ಬಗ್ಗಿ, ಕೆಂಪಗೆ ಕಂಡ ರಾಶಿಯನ್ನು ಕಣ್ಣಿನ ಅಂಚಿನಿಂದ ನೋಡಿದಳು.

“ಏ ರಾಯಪ್ಪ, ಮುಗದ ಕೈ ಇಳಸು. ಮೆಣಸಿನಕಾಯಿ ಹೆಂಗ ಕೊಡ್ತಿ? ಹ್ವಾದ ಸಲ ನಮ್ಮೂರಿಗೆ ಕಳಸಿದಂಥಾವು ಕೊಡಬ್ಯಾಡ, ಬರೇ ಬಣ್ಣ ಇದ್ವು, ಖಾರ ಇರಲಿಲ್ಲ.”

ಸಂತೆಯಲ್ಲಿ ಯಾರೋ ನಕ್ಕರು. ಸಿದ್ದಪ್ಪ ಚೀಲ ಹಿಡಿದುಕೊಂಡು ಹಿಂದಿನಿಂದ ಇಳಿದ.